ಹಲರ ಊರು ಬಸರೂರು

ನಾಡಿನ ಚರಿತ್ರೆಯನ್ನು ಓದುವಾಗ ನಮ್ಮ ಮನಸ್ಸು ತಾನಾಗಿಯೇ ರಾಜಧಾನಿಗಳ ಕಡೆಗೆ ಹರಿಯುತ್ತದೆ. ಬಾದಾಮಿ, ಮಾನ್ಯಖೇಟ, ಕಲ್ಯಾಣ, ದೋರಸಮುದ್ರ, ವಿಜಯನಗರ ಎಂದು ಹೆಸರುಗಳನ್ನು ಎಣಿಸಿ, ಅಲ್ಲಿ ಆಳಿದವರ ವಂಶಾವಳಿಯನ್ನು ಒಪ್ಪಿಸಿದೆವೆಂದರೆ ಚರಿತ್ರೆಯನ್ನು ಬಲ್ಲೆವೆಂದುಕೊಳ್ಳುತ್ತೇವೆ. ಆ ಅರಸರ ಬೊಕ್ಕಸಕ್ಕೆ ಹೊನ್ನು ಯಾವ ದಾರಿಯಿಂದ ಬಂದಿತು, ಅದನ್ನು ತಂದವರು ಯಾರು ಎಂದು ಯಾರಾದರೂ ಕೇಳಿದರೆ ಮಾತ್ರ ನಾವು ಸ್ವಲ್ಪ ತಡೆಯಬೇಕಾಗುತ್ತದೆ. ಅರಮನೆಯಿಲ್ಲದ, ಸಿಂಹಾಸನವಿಲ್ಲದ, ಯಾವ ವಂಶದ ಹೆಸರಿಗೂ ಅಂಟಿಕೊಳ್ಳದ ಪೇಟೆಯ ಊರುಗಳು ನಮ್ಮಲ್ಲಿ ಕೆಲವಿದ್ದವು. ಅಂತಹ ಒಂದು ಊರಿನ ವಿಚಾರವಾಗಿ ಈ ದಿನ ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇವೆ. ಅದು ಬಸರೂರು.

ಘಟ್ಟದ ಮೇಲಿರುವ ನಮ್ಮಲ್ಲಿ ಅನೇಕರಿಗೆ ಈ ಹೆಸರು ಅಷ್ಟಾಗಿ ಪರಿಚಯವಿರಲಾರದು. ಕೊಲ್ಲೂರಿಗೆ ಹೋಗುವವರು, ಉಡುಪಿಗೆ ಹೋಗುವವರು ಕುಂದಾಪುರದಲ್ಲಿ ಇಳಿದು, ಕಾಫಿ ಕುಡಿದು, ಮುಂದೆ ನಡೆದುಬಿಡುತ್ತಾರೆ. ಆ ಕುಂದಾಪುರದಿಂದ ಮೂಡಲಿಗೆ, ವಾರಾಹಿ ನದಿಯ ತೆಂಕಣ ದಡದಲ್ಲಿ, ಸುಮಾರು ನಾಲ್ಕು ಮೈಲಿಯ ದೂರದಲ್ಲಿ ಬಸರೂರು ಇದೆ. ಇಂದು ನೋಡುವವರಿಗೆ ಅದು ತೆಂಗಿನ ತೋಟ, ಗದ್ದೆಯ ಬೈಲು, ಮುರಕಲ್ಲಿನ ಪಾಗಾರ ಇವುಗಳ ನಡುವೆ ಹರಡಿಕೊಂಡಿರುವ ಒಂದು ದೊಡ್ಡ ಹಳ್ಳಿ. ಆದರೆ ಸುಮಾರು 1342ರಲ್ಲಿ ಮಲಬಾರಿಗೆ ಹೋಗುತ್ತಿದ್ದ ಮೊರಾಕ್ಕೊ ದೇಶದ ಯಾತ್ರಿಕ ಇಬ್ನ್ ಬತೂತನು ಹೊನ್ನಾವರವನ್ನು ಬಿಟ್ಟಮೇಲೆ ಎಣಿಸುವ ಊರು ಇದೇ. ಅವನು ಇದನ್ನು ‘ಅಬೂ ಸರೂರ್’ ಎಂದು ಕರೆದು, ದೊಡ್ಡ ಹಿನ್ನೀರಿನ ಮೇಲಿರುವ, ತೆಂಗಿನ ಮರಗಳು ತುಂಬಿದ ಊರೆಂದು ಹೇಳಿ ಮುಂದಕ್ಕೆ ಸಾಗುತ್ತಾನೆ. ನಮ್ಮ ಬಸರೂರು ಅರಬ್ಬೀ ಬಾಯಲ್ಲಿ ಒಬ್ಬ ಗೃಹಸ್ಥನ ಹೆಸರಿನಂತೆ ಮಾರ್ಪಟ್ಟಿರುವುದು ಕೇಳಲು ಸೊಗಸಾಗಿದೆ. ಪೋರ್ಚುಗೀಸರು ಅದನ್ನೇ ‘ಬಾರ್ಸೆಲೋರ್’ ಎಂದರು. ಸ್ಥಳದ ಐತಿಹ್ಯವಾದರೋ ವಸು ಎಂಬ ಅರಸನನ್ನು ನೆನೆದು ‘ವಸುಪುರ’ ಎನ್ನುತ್ತದೆ. ಐತಿಹ್ಯಕ್ಕೆ ಒಬ್ಬ ಅರಸನಿಲ್ಲದೆ ತೃಪ್ತಿಯಿಲ್ಲ. ಶಾಸನಗಳು ಹೇಳುವ ಕಥೆ ಬೇರೆ.

ಸಮುದ್ರದ ವ್ಯಾಪಾರವನ್ನು ನಡಸುವ ಊರು ಸಮುದ್ರದ ತಡಿಯಲ್ಲಿರದೆ ನಾಲ್ಕು ಮೈಲಿ ಒಳಗೆ ಏಕೆ ಕುಳಿತಿತು ಎಂದು ಮೊದಲು ಕೇಳಬೇಕು. ಈ ಕರಾವಳಿಯ ನದಿಗಳೆಲ್ಲ ಅಳಿವೆಯ ಬಾಯಲ್ಲಿ ಮರಳಿನ ದಿಬ್ಬವನ್ನು ಕಟ್ಟಿಕೊಂಡಿರುತ್ತವೆ. ದೊಡ್ಡ ಹಡಗುಗಳು ಅದನ್ನು ದಾಟಿ ಒಳಗೆ ಬರಲಾರವು. ಹೊರಗೆ ಲಂಗರು ಹಾಕಿ ನಿಲ್ಲಬೇಕು. ಭರತದ ನೀರು ಏರಿದಾಗ ಚಿಕ್ಕ ಹಡಗುಗಳೂ ದೋಣಿಗಳೂ ನದಿಯ ಮೇಲಕ್ಕೆ ಸಾಗಿಬಂದು, ಇಳಿತದೊಡನೆ ಸರಕು ಹೇರಿಕೊಂಡು ಹೊರಟುಹೋಗುತ್ತವೆ. ಹುಟ್ಟುಹಾಕುವವನ ತೋಳಿಗೆ ಸಮುದ್ರವೇ ನೆರವಾಗುವ ಏರ್ಪಾಡು ಇದು. ಘಟ್ಟದ ಕಣಿವೆಗಳಿಂದ ಇಳಿದುಬರುವ ಹೇರೆತ್ತುಗಳ ಸಾಲಿಗೂ ಇಂತಹ ಒಂದು ತಂಗುದಾಣ ಬೇಕು. ಎತ್ತಿನ ದಾರಿ ಮುಗಿದು ದೋಣಿಯ ದಾರಿ ಮೊದಲಾಗುವ ಕಡೆಯಲ್ಲಿ ಪೇಟೆ ಹುಟ್ಟುತ್ತದೆ. ಮೇಲಾಗಿ ಕಡಲುಗಳ್ಳರು ಬಂದರೆ ಅಷ್ಟು ದೂರ ನದಿಯಲ್ಲಿ ಏರಿ ಬರಬೇಕು. ಅಷ್ಟರೊಳಗೆ ಊರಿನವರಿಗೆ ಸುದ್ದಿ ತಲಪಿರುತ್ತದೆ. ಬಸರೂರಿನ ಹಿರಿಯರು ಸ್ಥಳವನ್ನು ಆರಿಸುವಾಗ ಕಣ್ಣುಮುಚ್ಚಿ ಆರಿಸಿದವರಲ್ಲ.

ಈ ಊರಿನ ಐಶ್ವರ್ಯ ಯಾವುದು? ಕರಾವಳಿಯ ವ್ಯಾಪಾರವೆಂದೊಡನೆ ನಾವು ಮೆಣಸು, ಏಲಕ್ಕಿ, ಮುತ್ತು, ರೇಷ್ಮೆ ಎಂದು ಕನಸು ಕಾಣುತ್ತೇವೆ. ಮೆಣಸು ಇಲ್ಲಿಯೂ ಇಳಿದುಬರುತ್ತಿದ್ದಿತು, ನಿಜ. ಆದರೆ ಬಸರೂರನ್ನು ಬಸರೂರಾಗಿ ಮಾಡಿದುದು ಅಕ್ಕಿ. ನಾವು ದಿನವೂ ತಟ್ಟೆಯಲ್ಲಿ ಕಾಣುವ ಅಕ್ಕಿ. ಮಲಬಾರಿನವರು ಮೆಣಸನ್ನೂ ತೆಂಗನ್ನೂ ಬೆಳೆದರು. ಅನ್ನಕ್ಕೆ ಸಾಲುವಷ್ಟು ಭತ್ತವನ್ನು ಬೆಳೆಯಲಿಲ್ಲ. ಅರಬ್ಬೀ ಮತ್ತು ಪಾರಸೀಕ ತೀರದ ಹರ್ಮುಜ್, ಏಡನ್ ಮುಂತಾದ ರೇವುಗಳ ಹಿಂದೆ ಇರುವುದು ಮರಳುಗಾಡು. ಇವರಿಗೆಲ್ಲ ತುಳುನಾಡಿನ ಬೈಲುಗಳು ಉಗ್ರಾಣವಾಗಿದ್ದವು. ಸುಮಾರು 1516ರಲ್ಲಿ ಬರೆದ ಪೋರ್ಚುಗೀಸ್ ನೌಕರ ದುವಾರ್ತೆ ಬಾರ್ಬೋಸನು ಈ ಸೀಮೆಯ ಅಕ್ಕಿಯನ್ನು ಬಹಳ ಲಕ್ಷ್ಯದಿಂದ ನೋಡಿದ್ದಾನೆ. ಅದರಲ್ಲಿ ನಾಲ್ಕು ತರಗಳನ್ನು ಹೆಸರಿಸಿ, ಎಲ್ಲಕ್ಕಿಂತ ಮೇಲಾದುದನ್ನು ‘ಜಿರಸಾಲ್’ ಎಂದೂ ಕೊನೆಯದನ್ನು ‘ಪಚ್ಚರಿಲ್’ ಎಂದೂ ಬರೆಯುತ್ತಾನೆ. ಜೀರಿಗೆಯಂತೆ ಸಣ್ಣದಾದ ನಮ್ಮ ಜೀರಸಾಲೆ ಅಕ್ಕಿಯನ್ನು ಉಂಡವರಿಗೆ ಆ ಮೊದಲನೆಯ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. ಪರದೇಶದವನೊಬ್ಬನು ನಮ್ಮ ದೇವಾಲಯಗಳನ್ನು ಹೊಗಳಿದನೆಂದು ಕೇಳಿ ಹಿಗ್ಗುವುದು ನಮ್ಮ ಸ್ವಭಾವ. ಅವನು ನಮ್ಮ ಅಕ್ಕಿಯ ತರವನ್ನು ಹೆಸರು ಹಿಡಿದು ತಿಳಿದಿದ್ದನೆಂಬುದು ಅದಕ್ಕಿಂತ ದೊಡ್ಡ ಮಾತೆಂದು ನಮಗೆ ತೋರುತ್ತದೆ.

ಈ ಅಕ್ಕಿಯು ಮುಡಿಗಳಲ್ಲಿ ಹೋಗುತ್ತಿದ್ದಿತು. ಮುಡಿಯನ್ನು ಕಾಣದವರಿಗಾಗಿ ಒಂದು ಮಾತು. ಭತ್ತದ ಹುಲ್ಲನ್ನು ಹರಡಿ, ಅದರಲ್ಲಿ ಅಕ್ಕಿಯನ್ನು ಸುರಿದು, ಹುಲ್ಲಿನ ಹಗ್ಗದಿಂದ ಸುತ್ತಿ ಸುತ್ತಿ ಬಿಗಿದು, ಕುಂಬಳಕಾಯಿಯಂತೆ ಗುಂಡಾಗಿ ಕಟ್ಟುವುದೇ ಮುಡಿ. ದಕ್ಷಿಣ ಕನ್ನಡದ ಲೆಕ್ಕದಲ್ಲಿ ಸಾಮಾನ್ಯವಾಗಿ ಒಂದು ಮುಡಿಗೆ 42 ಸೇರು. ಚೆನ್ನಾಗಿ ಕಟ್ಟಿದ ಮುಡಿಯೊಳಕ್ಕೆ ತೇವವೂ ಹುಳುವೂ ಸುಲಭವಾಗಿ ಹೋಗವು. ಹಡಗಿನ ಹೊಟ್ಟೆಯಲ್ಲಿ ಒಂದರ ಮೇಲೊಂದು ಪೇರಿಸಬಹುದು. ಕಣ್ಣಿನಿಂದಲೇ ಲೆಕ್ಕ ಹಾಕಬಹುದು. ಬೆಳೆದ ಗದ್ದೆಯ ಹುಲ್ಲೇ ಬೆಳೆಗೆ ಚೀಲವಾಯಿತು. ಕಾರ್ತಿಕದ ಕೊಯಿಲು ಮುಗಿಯುವ ಹೊತ್ತಿಗೆ ಮಳೆಗಾಲದ ಕಡಲು ಶಾಂತವಾಗಿ, ಆಷಾಢ ಶ್ರಾವಣಗಳಲ್ಲಿ ಮುಚ್ಚಿದ್ದ ರೇವುಗಳು ತೆರೆದಿರುತ್ತಿದ್ದವು. ಗದ್ದೆಯ ಪಂಚಾಂಗವೂ ಕಡಲಿನ ಪಂಚಾಂಗವೂ ಹೀಗೆ ಒಂದಕ್ಕೊಂದು ಹೊಂದಿಕೊಂಡಿದ್ದುದೇ ಬಸರೂರಿನ ಭಾಗ್ಯ.

ಈಗ ಊರನ್ನು ನಡಸುತ್ತಿದ್ದವರ ವಿಚಾರ. ವಿಜಯನಗರದ ಕಾಲದಲ್ಲಿ ಬಸರೂರು ಬಾರಕೂರು ರಾಜ್ಯಕ್ಕೆ ಸೇರಿದ್ದಿತು. ಬಾರಕೂರಿನಲ್ಲಿ ರಾಯರ ಅಧಿಕಾರಿಯೊಬ್ಬನು ಇರುತ್ತಿದ್ದನು. ಆದರೆ ಬಸರೂರಿನ ಶಾಸನಗಳನ್ನು ನೋಡಿದರೆ, ರಾಯರ ಹೆಸರೂ ಅಧಿಕಾರಿಯ ಹೆಸರೂ ಬಂದು ಹೋದಮೇಲೆ, ಕೆಲಸಕ್ಕೆ ಕೈಯಿಡುವವರು ಬೇರೆ ಜನರು. ಊರು ಪಡುವಕೇರಿ, ಮೂಡಕೇರಿ ಎಂದು ಎರಡು ಭಾಗವಾಗಿದ್ದಿತು. ಒಂದೊಂದು ಕೇರಿಗೂ ಅದರದರ ಸೆಟ್ಟಿಕಾರರು, ಅದರದರ ಹಲರು. ದೇವರ ನಂದಾದೀಪಕ್ಕೆ ಬಿಟ್ಟ ಭೂಮಿಯನ್ನು ಕಾಯುವವರು ಇವರು. ಧರ್ಮದ ಹಣವನ್ನು ವಹಿಸಿಕೊಳ್ಳುವವರೂ ಇವರೇ. ‘ಹಲರು’ ಎಂಬ ಈ ಮಾತನ್ನು ಸ್ವಲ್ಪ ನಿಂತು ನೋಡಬೇಕು. ಕೆಲವರು, ಹಲವರು ಎನ್ನುವಾಗಿನ ಹಲವರೇ ಈ ಹಲರು. ವ್ಯಾಕರಣದ ಒಂದು ಬಹುವಚನವು ಇಲ್ಲಿ ಒಂದು ಸಂಸ್ಥೆಯ ಹೆಸರಾಗಿದೆ. ದೊರೆಯ ಹೆಸರಿಗೆ ನೂರು ಬಿರುದುಗಳಿದ್ದ ಕಾಲದಲ್ಲಿ, ಇವರು ತಮ್ಮನ್ನು ‘ಅನೇಕ ಜನ’ ಎಂದು ಮಾತ್ರ ಕರೆದುಕೊಂಡರು. ಕರಾವಳಿಯ ಬೇರೆ ಪೇಟೆಗಳಲ್ಲಿಯೂ ಇದೇ ಬಗೆ. ಬಾರಕೂರಿನ ಚೌಳಿಕೇರಿ, ಮಣಿಗಾರಕೇರಿ, ಕೋಟೆಕೇರಿ ಎಂಬ ಹೆಸರುಗಳು ಇಂದಿಗೂ ಜನರ ಬಾಯಲ್ಲಿವೆ. ಈ ತೀರದ ಶಾಸನಗಳಲ್ಲಿ ‘ನಖರ’, ‘ಹಂಜಮಾನ’ ಎಂಬ ಎರಡು ಸಂಘಗಳ ಹೆಸರುಗಳೂ ಜತೆಜತೆಯಾಗಿ ಕಾಣುತ್ತವೆ. ನಖರವು ನಮ್ಮ ವರ್ತಕರದು. ಹಂಜಮಾನವೆಂಬುದು ಪಾರಸಿಯ ‘ಅಂಜುಮನ್’ ಎಂಬ ಮಾತು. ಕಡಲಾಚೆಯಿಂದ ಬಂದು ನೆಲಸಿದ ವರ್ತಕರ ಕೂಟಕ್ಕೆ ಆ ಹೆಸರು. ಬಂದವರಿಗೂ ಒಂದು ಸಂಘ, ಆ ಸಂಘಕ್ಕೂ ಶಾಸನದಲ್ಲಿ ಒಂದು ಸ್ಥಾನ. ಇದನ್ನು ಔದಾರ್ಯವೆಂದು ಹೊಗಳುವುದಕ್ಕಿಂತ ವ್ಯಾಪಾರದ ವಿವೇಕವೆಂದು ಹೇಳುವುದೇ ಸರಿ.

ಆದರೆ ಹಲರು ಎಂದರೆ ಎಲ್ಲರೂ ಅಲ್ಲ. ಕೆಸರಿನಲ್ಲಿ ನಿಂತು ನೇಜಿ ನೆಟ್ಟವರು, ಮುಡಿ ಹೊತ್ತವರು, ದೋಣಿಯ ಹುಟ್ಟು ಹಾಕಿದವರು ಆ ಸಭೆಯ ಹಲರಲ್ಲಿ ಸೇರಿದ್ದರೆಂದು ಭಾವಿಸುವುದಕ್ಕೆ ಆಧಾರವಿಲ್ಲ. ಅದು ಹಣವುಳ್ಳವರ, ಮನೆತನವುಳ್ಳವರ ಸಭೆ. ಈ ಕಾಲದ ಪ್ರಜಾಪ್ರಭುತ್ವವನ್ನು ಆ ಕಾಲದ ಕಲ್ಲಿನ ಮೇಲೆ ಕೆತ್ತಿಕೊಂಡು ಸಂತೋಷಪಡುವುದು ನಮಗೆ ಸಮ್ಮತವಲ್ಲ. ಆದರೂ ಒಬ್ಬನ ಇಚ್ಛೆಯಂತೆ ನಡೆಯದೆ ಅನೇಕರು ಕುಳಿತು ಮಾತಾಡಿ ನಡಸಿದ ಊರು ಇದೆಂಬುದು ನಿಲ್ಲುವ ಮಾತು. ದೊರೆಗೆ ಸಲ್ಲಬೇಕಾದ ಕಪ್ಪವನ್ನು ಸಲ್ಲಿಸಿ, ಉಳಿದುದನ್ನೆಲ್ಲ ತಾವೇ ನೋಡಿಕೊಳ್ಳುವ ಸೆಟ್ಟಿಗಳ ಊರೆಂದೇ ಪೋರ್ಚುಗೀಸರು ಇದನ್ನು ಕಂಡರು. ಸೆಟ್ಟಿ ಎಂಬ ಮಾತನ್ನು ಅವರು ‘ಚಾಟಿಂ’ ಎಂದು ತಿರುಗಿಸಿಕೊಂಡು ತಮ್ಮ ಕಾಗದಪತ್ರಗಳ ತುಂಬ ಬರೆದಿದ್ದಾರೆ.

ಪೋರ್ಚುಗೀಸರಿಗೆ ಬಸರೂರು ಬೇಕಾದುದು ಹೊಟ್ಟೆಗಾಗಿ. ಗೋವೆಯ ಬೆಳೆ ಗೋವೆಗೆ ಸಾಲದು. ಅವರ ಕೋಟೆಗಳ ದಂಡಿಗೂ ಅಕ್ಕಿ ಬೇಕು. ಕೊಳ್ಳುವುದು ಒಂದು ದಾರಿ. ಮಾರುವವನ ಬಾಗಿಲಲ್ಲಿ ಕೋವಿ ಹಿಡಿದು ನಿಲ್ಲುವುದು ಇನ್ನೊಂದು ದಾರಿ. ಸಮುದ್ರದಲ್ಲಿ ಓಡಾಡುವ ಹಡಗುಗಳೆಲ್ಲ ತಮ್ಮಿಂದ ‘ಕರ್ತಾಜ್’ ಎಂಬ ರಹದಾರಿಯನ್ನು ಪಡೆಯಬೇಕೆಂದು ಅವರು ಕಟ್ಟು ಮಾಡಿದರು. ವಿಜಯನಗರ ಗಟ್ಟಿಯಾಗಿದ್ದಷ್ಟು ಕಾಲ ಇದಕ್ಕಿಂತ ಹೆಚ್ಚಿಗೆ ನೆಲದ ಮೇಲೆ ಕಾಲೂರುವುದು ಅವರಿಗೆ ಸಾಧ್ಯವಾಗಲಿಲ್ಲ. 1565ರಲ್ಲಿ ತಾಳಿಕೋಟೆಯ ಯುದ್ಧವಾಯಿತು. ಐದು ವರ್ಷಗಳು ಕಳೆಯುವುದರೊಳಗೆ, 1569ರಲ್ಲಿ, ಗೋವೆಯ ವೈಸರಾಯಿ ಲೂಯಿ ದ ಅತಾಯಿದನು ಹೊನ್ನಾವರವನ್ನೂ ಬಸರೂರಿನ ಕೆಳಭಾಗವನ್ನೂ ಹಿಡಿದು ಕೋಟೆ ಕಟ್ಟಿಸಿದನು. ಹಂಪೆಯ ಬೀದಿ ಹಾಳಾದ ಕಥೆಯನ್ನು ನಾವು ಮರೆತಿಲ್ಲ. ಅದೇ ಪತನವು ನೂರಾರು ಮೈಲಿ ದೂರದ ಒಂದು ನದಿಯ ಬಾಯಿಗೆ ಬೀಗ ಹಾಕಿತೆಂಬುದನ್ನು ಮಾತ್ರ ನಮ್ಮ ಪಾಠಪುಸ್ತಕಗಳು ಹೇಳುವುದಿಲ್ಲ.

ಅಂದಿನಿಂದ ಬಸರೂರುಗಳು ಎರಡಾದವು. ಅಳಿವೆಯ ಕಡೆಗೆ ಪೋರ್ಚುಗೀಸರ ಕೋಟೆಯಿದ್ದ ಕೆಳಗಿನ ಬಸರೂರು. ನದಿಯ ಮೇಲೆ ಸೆಟ್ಟಿಗಳ ಮೇಲಿನ ಬಸರೂರು. ಒಬ್ಬರ ಕೈಯಲ್ಲಿ ಬಾಗಿಲು, ಇನ್ನೊಬ್ಬರ ಕೈಯಲ್ಲಿ ಉಗ್ರಾಣ. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಆಗದು. ಒಬ್ಬರನ್ನು ಬಿಟ್ಟು ಒಬ್ಬರಿಗೆ ನಡೆಯದು. ಅಷ್ಟರಲ್ಲಿ ಘಟ್ಟದ ಮೇಲೆ ಮೂರನೆಯವರು ಬಲಿತರು. ಅವರೇ ಕೆಳದಿಯ ನಾಯಕರು. 1623ರಲ್ಲಿ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲ ವಲ್ಲೆಯು ಇಕ್ಕೇರಿಯನ್ನು ನೋಡಿಕೊಂಡು ಘಟ್ಟವಿಳಿದು ಇಲ್ಲಿಗೆ ಬಂದಾಗ, ಕೆಳಗಿನ ಊರು ಪೋರ್ಚುಗೀಸರದು, ಮೇಲಿನ ಊರು ವೆಂಕಟಪ್ಪ ನಾಯಕನದು. ಪೋರ್ಚುಗೀಸರು ಮುಂದೆ ಅಳಿವೆಯ ಆಚೆ ದಡದ ಗಂಗೊಳ್ಳಿಯಲ್ಲಿಯೂ ಒಂದು ಕೋಟೆಯನ್ನು ಕಟ್ಟಿದರು. ಕಡೆಗೆ ಶಿವಪ್ಪ ನಾಯಕನು 1652ರಿಂದ 1654ರೊಳಗೆ ಹೊನ್ನಾವರ, ಬಸರೂರು, ಗಂಗೊಳ್ಳಿಗಳ ಕೋಟೆಗಳನ್ನೆಲ್ಲ ಕಿತ್ತುಕೊಂಡು ನದಿಯ ಬಾಗಿಲನ್ನು ತೆರೆದನು. ಆದರೆ ತೆರೆದ ಬಾಗಿಲಿನ ಬೀಗದ ಕೈ ಹಲರಿಗೆ ಹಿಂದಿರುಗಲಿಲ್ಲ, ಬಿದನೂರಿಗೆ ಹೋಯಿತು. ಶಿವಪ್ಪ ನಾಯಕನ ಕೀರ್ತಿಯಲ್ಲಿ ನಮಗೆ ಯಾವ ಕೊರತೆಯೂ ಕಾಣುವುದಿಲ್ಲ. ಆದರೂ ಪರಕೀಯರನ್ನು ಓಡಿಸಿದ ದೊರೆಯೇ ಊರಿನ ಹಳೆಯ ಸ್ವಾತಂತ್ರ್ಯಕ್ಕೆ ವಾರಸುದಾರನಾದನೆಂಬುದನ್ನು ಗಮನಿಸದೆ ಇರಲಾಗದು.

1665ರ ಫೆಬ್ರುವರಿಯಲ್ಲಿ ನಡೆದ ಸಂಗತಿ ಎಲ್ಲಕ್ಕಿಂತ ಹೆಸರಾದುದು. ಶಿವಾಜಿಯು 85 ಚಿಕ್ಕ ನಾವೆಗಳನ್ನೂ 3 ದೊಡ್ಡ ಹಡಗುಗಳನ್ನೂ ಕೂಡಿಸಿಕೊಂಡು ಮಾಲವಣದಿಂದ ಹೊರಟು, ಗೋವೆಯನ್ನು ದಾಟಿ, ಬಸರೂರಿನ ಮೇಲೆ ಬಿದ್ದನು. ಶಿವಪ್ಪ ನಾಯಕನು ತೀರಿಕೊಂಡು ಐದು ವರ್ಷಗಳಾಗಿದ್ದವು. ಬಿದನೂರಿನ ಗಾದಿಯಲ್ಲಿ ಅರಸರು ಬೇಗಬೇಗನೆ ಬದಲಾಗುತ್ತಿದ್ದರು. ಊರು ಸೂರೆಹೋಯಿತು. ಹಿಂದಿರುಗುವಾಗ ಶಿವಾಜಿಯು ಗೋಕರ್ಣದಲ್ಲಿ ಇಳಿದು ಮಹಾಬಲೇಶ್ವರನ ದರ್ಶನ ಮಾಡಿದನು. ಮರಾಠರ ಬಖೈರುಗಾರರಿಗೆ ಇದು ಅವನ ಮೊದಲ ಕಡಲ ದಂಡಯಾತ್ರೆ, ಸಂಭ್ರಮದ ವಿಷಯ. ಬಸರೂರಿನ ಮನೆಯೊಳಗೆ ಕುಳಿತು ಅದನ್ನು ಕಂಡವರು ಯಾರೂ ಬರೆದಿಡಲಿಲ್ಲ. ಆ ಒಂದು ಸೂರೆಯಿಂದಲೇ ಪಟ್ಟಣ ಅಳಿಯಿತೆಂದು ಜನ ಹೇಳುವುದುಂಟು. ನಮಗೆ ಹಾಗೆ ತೋರುವುದಿಲ್ಲ. ಆಮೇಲೆಯೂ ಡಚ್ಚರು ಇಲ್ಲಿ ಒಂದು ವ್ಯಾಪಾರದ ಕೋಠಿಯನ್ನು ಇಟ್ಟಿದ್ದರು. ಸತ್ತ ಊರಿನಲ್ಲಿ ಡಚ್ಚರು ಅಂಗಡಿ ತೆರೆಯುವಷ್ಟು ಭೋಳೆಯವರಲ್ಲ. ಹಣ ಹೋದರೆ ವರ್ತಕನು ಮತ್ತೆ ಗಳಿಸುತ್ತಾನೆ. ಕೊಳ್ಳುವವನೂ ಹಾದಿಯೂ ಬದಲಾದರೆ ಏನು ಮಾಡಿಯಾನು? ಪೋರ್ಚುಗೀಸರ ಕೈಯಿಂದ 1622ರಲ್ಲಿ ಹರ್ಮುಜ್ ಹೋಯಿತು. 1650ರಲ್ಲಿ ಮಸ್ಕತ್ ಹೋಯಿತು. ಅಕ್ಕಿಯ ಹಳೆಯ ಹಾದಿಗಳು ಕದಲಿದವು. 1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದಮೇಲೆ ಮಂಗಳೂರಿನಲ್ಲಿ ಹಡಗುಗಳನ್ನು ಕಟ್ಟಿಸತೊಡಗಿದನು. 1799ರಲ್ಲಿ ಸೀಮೆಯು ಇಂಗ್ಲಿಷರ ಕೈಸೇರಿತು. ಕಚೇರಿ ಮಂಗಳೂರಿನಲ್ಲಿ, ತಾಲ್ಲೂಕು ಕುಂದಾಪುರದಲ್ಲಿ. ಪೇಟೆಯೂ ಕಚೇರಿಯ ಹಿಂದೆ ನಡೆಯಿತು. ಹೀಗೆ ಬಸರೂರು ಬಿದ್ದುದು ಒಂದು ದಿನದಲ್ಲಿ ಅಲ್ಲ, ಒಂದು ಬೆಂಕಿಯಲ್ಲಿ ಅಲ್ಲ. ಅದನ್ನು ಕೇಳಿಕೊಂಡು ಬರುವವರು ವರ್ಷವರ್ಷಕ್ಕೆ ಕಡಮೆಯಾದರು.

ಇಷ್ಟು ಕೇಳಿದಮೇಲೆ ಊರನ್ನು ಕಣ್ಣಾರೆ ನೋಡಬೇಕೆಂದು ಯಾರಿಗಾದರೂ ಮನಸ್ಸಾದರೆ ಹೋಗುವುದು ಕಷ್ಟವಲ್ಲ. ಕೊಂಕಣ ರೈಲಿನ ಕುಂದಾಪುರ ನಿಲ್ದಾಣವು ನಿಜವಾಗಿ ಕುಂದಾಪುರದ ಪೇಟೆಯಲ್ಲಿಲ್ಲ. ಒಳಗೆ ಮೂಡ್ಲಕಟ್ಟೆಯಲ್ಲಿ, ಬಸರೂರಿನ ದಿಕ್ಕಿನಲ್ಲಿದೆ. ಹೆದ್ದಾರಿಯು ಮರೆತ ಊರಿನ ಹತ್ತಿರಕ್ಕೆ ರೈಲು ತಾನಾಗಿ ಬಂದಿದೆ. ನಿಲ್ದಾಣದಿಂದ ನಡೆದೇ ಹೋಗಬೇಕೆಂದು ನಮ್ಮ ಸಲಹೆ. ಗದ್ದೆಯ ಅಂಚು, ಮುರಕಲ್ಲು ಕಡಿದ ತಗ್ಗುದಾರಿ, ಎರಡು ಕಡೆಯೂ ಪಾಗಾರ, ಪಾಗಾರದ ಮೇಲೆ ಪಾಚಿ. ಮೇಲಿಂದ ಗೇರುಮರವೋ ಹಲಸಿನ ಮರವೋ ಬಾಗಿರುತ್ತದೆ. ಮೋಟಾರಿನಲ್ಲಿ ಹೋದವರಿಗೆ ಬಸರೂರು ಸಿಕ್ಕುವುದಿಲ್ಲ. ಅದು ಮನೆಮನೆಗೂ ನಡುವೆ ತೋಟವನ್ನಿಟ್ಟುಕೊಂಡು ಅಡಗಿ ಕುಳಿತ ಊರು. ಮೊದಲು ಮಹಾಲಿಂಗೇಶ್ವರನ ಗುಡಿಗೆ ಹೋಗಬೇಕು. ಶಾಸನದ ಕಲ್ಲುಗಳನ್ನು ಹುಡುಕಿ ನೋಡಬೇಕು. ಮೇಲೆ ಲಿಂಗ, ಸೂರ್ಯ, ಚಂದ್ರ, ಕರುವಿಗೆ ಹಾಲೂಡುವ ಹಸು. ಕೆಳಗೆ ಸವೆದ ಅಕ್ಷರಗಳ ಸಾಲು. ಈ ಅಕ್ಷರಗಳನ್ನು ಓದಲು ಬಾರದಿದ್ದರೂ ‘ಹಲರು’ ಎಂಬ ಮೂರಕ್ಷರ ಎಲ್ಲಿಯಾದರೂ ಕಂಡೀತೇನೋ ಎಂದು ಬೆರಳಿಟ್ಟು ಹುಡುಕುವುದರಲ್ಲಿ ಒಂದು ಸುಖವಿದೆ.

ಅಲ್ಲಿಂದ ತುಳುವೇಶ್ವರನ ಕಡೆಗೆ. ಇದು ಪಾಳುಬಿದ್ದ ಗುಡಿ. ಮರವೊಂದು ಇದನ್ನು ಮೆಲ್ಲಮೆಲ್ಲನೆ ತನ್ನೊಳಗೆ ತೆಗೆದುಕೊಂಡಿದೆ. ಬೇರುಗಳೇ ಈಗ ಗೋಡೆ, ಕೊಂಬೆಗಳೇ ಚಾವಣಿ, ನಡುವೆ ಲಿಂಗ. ಚಿತ್ರ ತೆಗೆಯುವವರಿಗೆ ಇದು ಬಹಳ ಪ್ರಿಯವಾದ ಸ್ಥಳವಾಗಿದೆ, ಆಶ್ಚರ್ಯವಿಲ್ಲ. ಆದರೆ ಮರವನ್ನು ಕಡಿದು ಗುಡಿಯನ್ನು ಉಳಿಸಬೇಕೋ, ಗುಡಿಯನ್ನು ಮರೆತು ಮರವನ್ನು ಉಳಿಸಬೇಕೋ ಎಂಬ ವಾದವನ್ನು ಅದರ ಮುಂದೆ ನಿಂತು ಯಾರಾದರೂ ಆರಂಭಿಸಿದರೆ ನಾವು ಮೆಲ್ಲನೆ ಜಾರಿಕೊಳ್ಳುವವರು. ಕೆಲಕಾಲದಿಂದ ಅವೆರಡೂ ಒಂದೇ ವಸ್ತುವಾಗಿವೆ. ಮೂಡುಕೇರಿ ಎಂಬ ಹೆಸರು ಊರಿನಲ್ಲಿ ಇನ್ನೂ ಬಳಕೆಯಲ್ಲಿದೆ. ಅದನ್ನು ಕೇಳಿ ತಿಳಿದು, ಆ ದಾರಿಯಲ್ಲಿ ನಾಲ್ಕು ಹೆಜ್ಜೆ ಹಾಕುವುದನ್ನು ಮರೆಯಬಾರದು. ಕಲ್ಲಿನ ಮೇಲೆ ಓದಿದ ಹೆಸರನ್ನು ದಾರಿಹೋಕನ ಬಾಯಿಂದ ಕೇಳುವ ಅವಕಾಶ ಎಲ್ಲ ಊರುಗಳಲ್ಲಿಯೂ ದೊರೆಯುವುದಿಲ್ಲ.

ಆಮೇಲೆ ನದಿಯ ದಡ. ವಾರಾಹಿಯು ಇಲ್ಲಿ ಅಗಲವಾಗಿ, ನಿಧಾನವಾಗಿ, ಉಪ್ಪುನೀರಿನ ನೆನಪು ತುಂಬಿಕೊಂಡು ಹರಿಯುತ್ತದೆ. ದಡದ ಕಾಂಡ್ಲಾಗಿಡಗಳ ಬೇರಿನ ನಡುವೆ ಏಡಿಗಳು ಓಡಾಡುತ್ತವೆ. ಭರತದ ಹೊತ್ತಿಗೆ ಹೋದರೆ ನೀರು ಮೇಲ್ಮುಖವಾಗಿ ಏರುವುದನ್ನು ನೋಡಬಹುದು. ಹಿಂದೆ ಹೇಳಿದ ವ್ಯಾಪಾರದ ಏರ್ಪಾಡೆಲ್ಲ ಆಗ ಒಂದು ನೋಟಕ್ಕೆ ಅರ್ಥವಾಗುತ್ತದೆ. ಸಮಯವಿದ್ದವರು ಇನ್ನೊಂದು ದಿನ ಕೋಟೇಶ್ವರಕ್ಕೆ ನಡೆಯಬಹುದು. ಅಲ್ಲಿಯ ಕೋಟಿತೀರ್ಥವು ಕೆರೆಯೆನ್ನುವಷ್ಟು ದೊಡ್ಡದಾದ ಪುಷ್ಕರಿಣಿ. ವೃಶ್ಚಿಕಮಾಸದ ಹುಣ್ಣಿಮೆಯ ಕೊಡಿಹಬ್ಬದಲ್ಲಿ ಹೊಸದಾಗಿ ಮದುವೆಯಾದವರು ಬಂದು ಕಬ್ಬಿನ ಕೊಡಿಯನ್ನು ಮನೆಗೆ ಒಯ್ಯುವುದು ಪದ್ಧತಿ.

ಸಂಜೆಗೆ ಕುಂದಾಪುರವನ್ನು ಸೇರಿ, ನೀರಿನ ಕಡೆಗೆ ನಡೆದರೆ ಪಂಚಗಂಗಾವಳಿ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕ ಎಂಬ ಐದು ನದಿಗಳು ಇಲ್ಲಿ ಕೂಡಿ, ಕುದ್ರುಗಳನ್ನು ಬಳಸಿಕೊಂಡು, ಒಂದೇ ಅಳಿವೆಯಿಂದ ಕಡಲಿಗೆ ಹೋಗುತ್ತವೆ. ಆಚೆಯ ದಡದಲ್ಲಿ ಗಂಗೊಳ್ಳಿಯ ಮೀನುದೋಣಿಗಳು. ಬಾಗಿಲು ಕಾದ ಪೋರ್ಚುಗೀಸರ ಕೋಟೆಗಳಲ್ಲಿ ಹೇಳಿಕೊಳ್ಳುವಂತಹದು ಇಂದು ಕಣ್ಣಿಗೆ ಬೀಳದು. ಬಾಗಿಲು ಮಾತ್ರ ಇದೆ. ಮಳೆ ಹೋಗಿ ಗಾಳಿ ತಿಳಿಯಾಗಿರುವ ಮಾರ್ಗಶಿರ ಪುಷ್ಯಗಳಲ್ಲಿ ಹಿಂದಿರುಗಿ ಮೂಡಲಿಗೆ ನೋಡಿದರೆ, ಘಟ್ಟದ ಗೋಡೆಯಿಂದ ತಲೆಯೆತ್ತಿ ನಿಂತ ಕೊಡಚಾದ್ರಿ ಕಾಣುತ್ತದೆ. ಸುಮಾರು 4,400 ಅಡಿಯ ಆ ಶಿಖರವನ್ನು ಕಡಲಿನ ಮೇಲಿಂದ ಗುರುತಿಟ್ಟುಕೊಂಡು ಯೂರೋಪಿನ ನಾವಿಕರು ರೇವನ್ನು ಹುಡುಕುತ್ತಿದ್ದರು. ಅವರ ಹಳೆಯ ನಕ್ಷೆಗಳಲ್ಲಿ ಬೆಟ್ಟಕ್ಕೆ ಬೆಟ್ಟದ ಹೆಸರಿಲ್ಲ. ಅದರ ಬುಡದ ಬಯಲಿನಾಚೆ, ಮರಗಳ ಮರೆಯಲ್ಲಿದ್ದು ಹಡಗಿನಿಂದ ಕಾಣದ ಒಂದು ಪೇಟೆಯ ಹೆಸರನ್ನೇ ಅದಕ್ಕೆ ಕೊಟ್ಟು, ‘ಬಾರ್ಸಲೋರ್ ಶಿಖರ’ ಎಂದು ಬರೆದಿದ್ದಾರೆ.